ಬೂಷ್ಟು ಹಿಡಿದ ಮುಖವಾಡ, ಮಾಸಿದ ಅರಿಸಿನ

ಪ್ರಶ್ನೆ: ಆರು-ಏಳನೇ ತರಗತಿಯ ಮಕ್ಕಳಿಂದ ಬಲೂನಿನ ಮೇಲೆ ಪೇಪರ್ ಅಂಟಿಸಿ ಮುಖವಾಡ ಮಾಡಿಸಿದೆ. ಏಳೆಂಟು ಪದರಗಳನ್ನು ಒಂದೇ ದಿನ ಹಾಕಿದ್ದೆವು. ಕೆಲವು ಸೊಟ್ಟಗಾದವು, ಉಳಿದವುಗಳ ಒಳಗೆಲ್ಲ ಬೂಷ್ಟು. ತಪ್ಪೆಲ್ಲಿ?
- ಶಿಕ್ಷಕಿ, ಶಿರಸಿ

ಉತ್ತರ: ಒಂದೇ ದಿನ ಮುಗಿಸಿದ್ದೇ ತಪ್ಪು. ಮೇಲ್ಪದರ ಒಣಗಿ ಗಟ್ಟಿಯಾದಂತೆ ಕಂಡರೂ ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ಬಲೂನ್ ಒಡೆದ ಕೂಡಲೇ ಹಸಿ ಕಾಗದ ಕುಸಿಯುತ್ತದೆ, ಕುಸಿಯದಿದ್ದರೆ ಬೂಷ್ಟು ಬರುತ್ತದೆ. ದಿನಕ್ಕೆ ಎರಡೇ ಪದರ ಹಾಕಿಸಿ. ಮಳೆಗಾಲದಲ್ಲಿ ಒಂದೊಂದು ಸುತ್ತಿಗೂ ಎರಡು ದಿನ ಬಿಡಿ. ಫ್ಯಾನಿನ ಕೆಳಗೆ ದಾರ ಕಟ್ಟಿ ತೂಗುಹಾಕಿ, ಬಿಸಿಲಿಗೆ ಬೇಡ: ಬಿಸಿಗೆ ಬಲೂನಿನ ಗಾಳಿ ಹಿಗ್ಗಿ, ತಂಪಿಗೆ ಕುಗ್ಗಿದರೆ ಕಾಗದ ಸುಕ್ಕಾಗುತ್ತದೆ. ಬಲೂನಿಗೆ ಎಣ್ಣೆಯನ್ನೂ ಸವರಬೇಡಿ, ರಬ್ಬರು ಸಡಿಲವಾಗಿ ನಡುವೆಯೇ ಒಡೆಯುತ್ತದೆ. ಮೊದಲ ಪದರವನ್ನು ಅಂಟಿಲ್ಲದೆ ಬರೀ ನೀರಲ್ಲಿ ಅದ್ದಿ ಹಾಕಿದರೆ ಸಾಕು, ಸಲೀಸಾಗಿ ಬಿಟ್ಟುಬರುತ್ತದೆ.

ಅಂಟಿಗೆ 1 ಲೋಟ ಮೈದಾವನ್ನು 1 ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ 4 ಲೋಟ ನೀರಿಗೆ ಸುರಿದು ತಿರುವುತ್ತಿರಿ. ಹಿಟ್ಟಿನ ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ. 1 ಚಮಚ ಉಪ್ಪು ಹಾಕಿ, ಅದಕ್ಕಿಂತ ಹೆಚ್ಚಾದರೆ ಉಪ್ಪೇ ತೇವ ಎಳೆಯುತ್ತದೆ. ಪುಸ್ತಕ ಕಟ್ಟುವವರು ಹುಳ ಬಾರದಂತೆ ಬೆರೆಸುತ್ತಿದ್ದ ಮೈಲುತುತ್ತ ವಿಷ. ಮಕ್ಕಳ ಕೈಗೆ ಹೋಗುವ ಅಂಟಿಗೆ ಖಂಡಿತ ಬೇಡ.

ಕಾಗದವನ್ನು ಕತ್ತರಿಸದೆ ಎರಡು ಬೆರಳಗಲ ಹರಿಯಲಿ. ಹರಿದ ಅಂಚು ತೆಳುವಾಗಿ ಒಂದರೊಳಗೊಂದು ಸೇರಿಹೋಗುತ್ತದೆ, ಕತ್ತರಿಯ ಅಂಚು ಬಣ್ಣದ ಕೆಳಗೂ ಗೆರೆಯಾಗಿ ಕಾಣುತ್ತದೆ. ಪತ್ರಿಕೆಯ ಹಾಳೆ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ. ಮಕ್ಕಳೇ ಹರಿದು ನೋಡಿ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ.

ಬಣ್ಣಕ್ಕೆ ಮುಂಚೆ 1 ಪಾಲು ಫೆವಿಕಾಲ್, 2 ಪಾಲು ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ತೆಳುವಾಗಿ ಎರಡು ಸಲ ಬಳಿಯಿರಿ. ದಪ್ಪ ಬಳಿದರೆ ಬಿರುಕು ಬಿಡುತ್ತದೆ.

ಪ್ರಶ್ನೆ: ಮೂರನೇ ತರಗತಿಯ ಮಗಳು ಅರಿಸಿನ, ಬೀಟ್‌ರೂಟ್‌ನಿಂದ ಬರೆದ ಚಿತ್ರ ಗೋಡೆಗೆ ಅಂಟಿಸಿದ ಮೇಲೆ ಮಾಸಿಹೋಯಿತು.
- ತಂದೆ, ಹಾಸನ

ಉತ್ತರ: ಎರಡೂ ಬೆಳಕಿಗೆ ನಿಲ್ಲುವ ಬಣ್ಣಗಳಲ್ಲ. ಉಳಿಯುವ ಚಿತ್ರ ಬೇಕಿದ್ದರೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಮಲೆನಾಡಿನವರಂತೆ ಕೆಮ್ಮಣ್ಣು ಹಿಡಿಯಿರಿ. ಅದರ ಕೆಂಪು ಕಬ್ಬಿಣದ ಅಂಶದ್ದು, ಬಿಸಿಲಿಗೆ ಬಗ್ಗುವುದಿಲ್ಲ. ಮಣ್ಣನ್ನು ನೀರಲ್ಲಿ ಕದಡಿ ತೆಳುಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಬಿಟ್ಟು ಮೇಲಿನ ನೀರು ಚೆಲ್ಲಿ. ತಳದ 4 ಚಮಚ ಕೆಸರಿಗೆ 1 ಚಮಚ ಫೆವಿಕಾಲ್ ಬೆರೆಸಿ. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ.

ಅರಿಸಿನವನ್ನು ಬಿಡಲೂ ಬೇಡಿ. ಅರಿಸಿನದ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಅಡುಗೆ ಸೋಡಾದ ನೀರಲ್ಲಿ ಬರೆದರೆ ಗೆರೆ ಕಂದುಗೆಂಪಾಗಿ ಮೂಡುತ್ತದೆ. ಅರಿಸಿನ-ಸುಣ್ಣದ ಆರತಿ ನೀರು ಕೆಂಪಾಗುವುದೂ ಹೀಗೆಯೇ. ಆದರೆ ಸುಣ್ಣ ಕಣ್ಣಿಗೆ ಅಪಾಯ, ಮಕ್ಕಳಿಗೆ ಸೋಡಾ ಸಾಕು.