ಮರೆವಿನ ಕಾಯಿಲೆಯ ದೊಡ್ಡಮ್ಮನನ್ನು ಯಾವ ಆರೈಕೆ ಕೇಂದ್ರಕ್ಕೆ ಸೇರಿಸಬೇಕು?

ನೀವು ಬರೆದಿರುವ ಪ್ರಕಾರ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯ ನಿಮ್ಮ ದೊಡ್ಡಮ್ಮನಿಗೆ 82 ವರ್ಷ, ಮಕ್ಕಳಿಲ್ಲ, ದೊಡ್ಡಪ್ಪ ತೀರಿಕೊಂಡಿದ್ದಾರೆ, ನರರೋಗ ತಜ್ಞರು ಆಲ್ಝೈಮರ್ ಎಂದು ಹೇಳಿದ್ದಾರೆ, ಹೋಂ ನರ್ಸುಗಳು ಯಾರೂ ಮನೆಯಲ್ಲಿ ನಿಲ್ಲುತ್ತಿಲ್ಲ. ನೀವು ಬೆಂಗಳೂರಿನಲ್ಲಿದ್ದೀರಿ, ನಿಮ್ಮ ತಮ್ಮ ಮುಳ್ಳೇರಿಯಾದಲ್ಲಿದ್ದಾರೆ. ಅದೇ ಜಿಲ್ಲೆಯ ಕಾಞಂಗಾಡು, ಗಡಿಯಾಚೆಯ ಮಂಗಳೂರು, ಬೆಂಗಳೂರು ಈ ಮೂರು ಕಡೆ ಒಂದೊಂದು ಕೇಂದ್ರವನ್ನು ನೋಡಿಟ್ಟಿದ್ದೀರಿ. ಯಾವುದನ್ನು ಆರಿಸಬೇಕು, ಮತ್ತು ಮೊದಲ ಒಂದು ತಿಂಗಳು ಮನೆಯವರು ಭೇಟಿಗೆ ಬರಬಾರದು ಎಂಬ ಷರತ್ತನ್ನು ಒಪ್ಪಬಹುದೇ ಎಂದು ಕೇಳಿದ್ದೀರಿ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ನನ್ನ ತಾಯಿಯವರು ಇದೇ ಕಾಯಿಲೆಯ ಕೊನೆಯ ವರ್ಷಗಳನ್ನು ಇಂಥದೊಂದು ಕೇಂದ್ರದಲ್ಲಿ ಕಳೆದರು. ಆ ಅನುಭವದಿಂದ ಹೇಳುವುದಾದರೆ, ಕಟ್ಟಡ, ಶುಲ್ಕ, ತೋಟ, ಊಟದ ಪಟ್ಟಿ ಇವೆಲ್ಲವುಗಳಿಗಿಂತ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುವವರಲ್ಲಿ ದೊಡ್ಡಮ್ಮನ ಮಾತು ತಿಳಿಯುವವರು ಯಾರಾದರೂ ಇದ್ದಾರೆಯೇ?

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಈಗ ಎಂಬತ್ತು ದಾಟಿರುವವರು ಶಾಲೆಗೆ ಹೋದದ್ದು ಆ ಕಾಲದಲ್ಲಿ, ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಹವ್ಯಕ ಕನ್ನಡ, ತುಳು, ಕೊಂಕಣಿ, ಮರಾಠಿ ಏನೇ ಇರಲಿ, ಮಲಯಾಳವನ್ನು ಅವರು ಕಲಿತದ್ದು ದೊಡ್ಡವರಾದ ಮೇಲೆ, ಪಂಚಾಯತಿನಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ. ಮರೆವಿನ ಕಾಯಿಲೆ ಬಲಿತಂತೆ ಹೀಗೆ ತಡವಾಗಿ ಕಲಿತ ಭಾಷೆಯೇ ಸಾಮಾನ್ಯವಾಗಿ ಮೊದಲು ಜಾರಿಹೋಗುತ್ತದೆ. ನಿನ್ನೆಯವರೆಗೆ ಮೀನಿನವನೊಂದಿಗೆ ನಿರರ್ಗಳವಾಗಿ ಮಲಯಾಳದಲ್ಲಿ ಚೌಕಾಸಿ ಮಾಡುತ್ತಿದ್ದವರು ಅದೇ ಭಾಷೆಯ ನರ್ಸಿನ ಮುಂದೆ ಸುಮ್ಮನೆ ಕುಳಿತುಬಿಡುತ್ತಾರೆ. (ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಸಮಾಧಾನದ ಸಂಗತಿ. ಆದರೆ ಕಾಯಿಲೆ ಬಂದ ಮೇಲೆ ಆರೈಕೆ ಮಾಡುವವರಿಗೆ ಆ ಭಾಷೆಗಳಲ್ಲಿ ಉಳಿದದ್ದು ಯಾವುದು ಎಂಬುದು ಗೊತ್ತಿರಬೇಕಾಗುತ್ತದೆ.)

ನನ್ನ ತಾಯಿಯವರಿಗೆ ಸಂಜೆ ಆರು ಗಂಟೆಯ ಹೊತ್ತಿಗೆ ಚಡಪಡಿಕೆ ಆರಂಭವಾಗುತ್ತಿತ್ತು. ಮುಸ್ಸಂಜೆಯಲ್ಲಿ ಗೊಂದಲ ಹೆಚ್ಚುವುದು ಈ ರೋಗಿಗಳಲ್ಲಿ ಸಾಮಾನ್ಯ. ಬಾಗಿಲಿನ ಬಳಿ ಹೋಗಿ ಚಿಲಕ ಎಳೆಯುತ್ತ ತುಳುವಿನಲ್ಲಿ ಏನೋ ಹೇಳುತ್ತಿದ್ದರು. ಅಲ್ಲಿನ ಸಹಾಯಕಿಯರು ಹೊರರಾಜ್ಯದವರು, ಕೆಲಸದಲ್ಲಿ ಚುರುಕು, ಮನಸ್ಸೂ ಒಳ್ಳೆಯದು, ಆದರೆ ಅವರಿಗೆ ಕೇಳಿಸಿದ್ದು ಗಲಾಟೆ ಮಾತ್ರ. ದಾಖಲೆ ಪುಸ್ತಕದಲ್ಲಿ ‘ಉದ್ರೇಕ’ ಎಂದು ಬರೆದು ಮಾತ್ರೆ ಕೊಟ್ಟರು. ಪೈವಳಿಕೆ ಕಡೆಯ ಒಬ್ಬ ಹೆಂಗಸು ಅಡುಗೆ ಕೆಲಸಕ್ಕೆ ಸೇರಿದ ಮೇಲೆ ವಿಷಯ ತಿಳಿಯಿತು. ಹಟ್ಟಿಯಲ್ಲಿ ಕರುವನ್ನು ಕಟ್ಟಿದ್ದೀರಾ ಎಂದು ತಾಯಿಯವರು ಕೇಳುತ್ತಿದ್ದರು. ಕಟ್ಟಿ ಆಯಿತು, ಹುಲ್ಲೂ ಹಾಕಿದೆ ಎಂದು ಆಕೆ ತುಳುವಿನಲ್ಲೇ ಉತ್ತರಿಸಿದ ಬಳಿಕ ಬಂದು ಕುಳಿತು ಗಂಜಿ ಉಂಡರು. ಪ್ರತಿದಿನವೂ ಇಷ್ಟು ಸುಲಭವಾಗಿತ್ತು ಎಂದಲ್ಲ. ಆದರೂ ಸಂಜೆಯ ಮಾತ್ರೆಯ ಪ್ರಮಾಣವನ್ನು ವೈದ್ಯರು ತಗ್ಗಿಸಲು ಸಾಧ್ಯವಾದದ್ದು ಆ ನಂತರವೇ.

ಮಾತು ತಿಳಿಯಬೇಕಾದದ್ದು ಸಮಾಧಾನ ಹೇಳುವುದಕ್ಕೆ ಮಾತ್ರವಲ್ಲ. ವಯಸ್ಸಾದ ಹೆಂಗಸರಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆಯೂ ಬರಬಹುದು. ಅದರ ಮೊದಲ ಲಕ್ಷಣ ಒಂದೆರಡು ದಿನಗಳಲ್ಲಿ ಏಕಾಏಕಿ ಹೆಚ್ಚಿದ ಗೊಂದಲವೇ ಆಗಿರಬಹುದು. ಉರಿಯುತ್ತದೆ, ಹೊಟ್ಟೆ ಹಿಡಿದಿದೆ, ಹಲ್ಲು ನೋಯುತ್ತದೆ ಎಂಬ ಮಾತು ಯಾರಿಗೂ ಅರ್ಥವಾಗದ ಕಡೆ ಇಂಥದ್ದೆಲ್ಲ ಕಾಯಿಲೆ ಹೆಚ್ಚಾಯಿತು ಎಂಬ ಲೆಕ್ಕಕ್ಕೆ ಹೋಗುತ್ತದೆ.

ಹಾಗೆಂದು ಮಂಗಳೂರು ಎಂದ ಮಾತ್ರಕ್ಕೆ ಕನ್ನಡ, ತುಳು ಸಿಕ್ಕಿಯೇ ಸಿಗುತ್ತದೆ ಎಂದೂ, ಕಾಞಂಗಾಡು ಎಂದರೆ ಸಿಗುವುದೇ ಇಲ್ಲ ಎಂದೂ ಎಣಿಸಬೇಡಿ. ಕಚೇರಿಯಲ್ಲಿ ಕುಳಿತವರು ಸೊಗಸಾದ ಕನ್ನಡ ಆಡುತ್ತಾರೆ, ಆದರೆ ಸ್ನಾನ ಮಾಡಿಸುವವರು ಬೇರೆ. ಆದ್ದರಿಂದ ಹಗಲು ಹನ್ನೊಂದು ಗಂಟೆಗೆ ಕಚೇರಿಯವರು ನಿಮ್ಮನ್ನು ಕರೆದುಕೊಂಡು ತೋರಿಸುವ ಭೇಟಿಯನ್ನು ಹೆಚ್ಚು ನಂಬದೆ, ಸಂಜೆ ಆರೂವರೆಯಿಂದ ಎಂಟರ ನಡುವೆ ಇನ್ನೊಮ್ಮೆ ಹೋಗಿ. ಆ ಹೊತ್ತಿನಲ್ಲಿ ಎಷ್ಟು ಜನ ರೋಗಿಗಳಿಗೆ ಎಷ್ಟು ಸಹಾಯಕರಿದ್ದಾರೆ, ಊಟ ಮಾಡಿಸುವವರು ರೋಗಿಯ ಮುಖ ನೋಡಿ ತುತ್ತು ಕೊಡುತ್ತಿದ್ದಾರೋ ನಿಂತುಕೊಂಡೇ ಬಾಯಿಗೆ ತುರುಕುತ್ತಿದ್ದಾರೋ, ಎಲ್ಲರೂ ಏಳು ಗಂಟೆಗೇ ಮಂಪರಿನಲ್ಲಿ ಮಲಗಿದ್ದಾರೋ ಎಂಬುದನ್ನು ನೋಡಿ. ಸಂಜೆ ಹೊತ್ತು ಬರಬೇಡಿ ಎಂದು ಹೇಳುವ ಕೇಂದ್ರವನ್ನು ನಾನಾದರೆ ಪಟ್ಟಿಯಿಂದಲೇ ತೆಗೆದುಬಿಡುತ್ತೇನೆ.

ಮಾತ್ರೆ ಮತ್ತು ಕಟ್ಟಿಹಾಕುವುದು, ಈ ಎರಡರ ಬಗ್ಗೆ ಸಂಕೋಚಪಡದೆ ಕೇಳಿ. ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್‌ನಂಥ ಮನೋರೋಗದ ಔಷಧಗಳು ಮರೆವಿನ ಕಾಯಿಲೆ (ಡಿಮೆನ್ಶಿಯಾ) ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಕೆ ನೀಡಿದೆ. ಹಾಗೆಂದು ಅವುಗಳನ್ನು ಎಂದಿಗೂ ಕೊಡಬಾರದೆಂದಲ್ಲ. ಯಾರು ಬರೆದುಕೊಟ್ಟರು, ಯಾವ ಕಾರಣಕ್ಕೆ, ಎಷ್ಟು ವಾರಕ್ಕೆ, ಮರುಪರಿಶೀಲನೆ ಯಾವಾಗ ಎಂಬುದಕ್ಕೆ ಕೇಂದ್ರದವರಲ್ಲಿ ಲಿಖಿತ ಉತ್ತರ ಇರಬೇಕು, ಮನೆಯವರಿಗೆ ತಿಳಿಸದೆ ಹೊಸ ಮಾತ್ರೆ ಆರಂಭಿಸಬಾರದು. ಇನ್ನು, ಮಂಚಕ್ಕೋ ಕುರ್ಚಿಗೋ ಬಟ್ಟೆಯಿಂದ ಕಟ್ಟುವುದು ನಾವು ತಿಳಿದಿರುವುದಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ, ‘ಬೀಳಬಾರದೆಂದು’ ಎಂಬ ಸಮಜಾಯಿಷಿಯೂ ಸಿದ್ಧವಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ಉಪಾಯವೇ ಇಲ್ಲದಾಗ ಮಾತ್ರ ಹಾಗೆ ಮಾಡಬಹುದು. ಶಿಕ್ಷೆಯಾಗಿ ಮಾಡುವಂತಿಲ್ಲ, ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಮಾಡುವಂತಿಲ್ಲ. ನೀವು ನೋಡಿರುವ ಕೇಂದ್ರ ಆ ಕಾಯಿದೆಯಡಿ ನೋಂದಾಯಿಸಲ್ಪಟ್ಟಿದೆಯೇ ಅಥವಾ ಬರೀ ವೃದ್ಧಾಶ್ರಮವಾಗಿ ನಡೆಯುತ್ತಿದೆಯೇ ಎಂದು ನೋಂದಣಿ ಪತ್ರ ನೋಡಿಯೇ ತಿಳಿದುಕೊಳ್ಳಿ. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು, ರೋಗಿ ಹೊರಗೆ ಹೋಗಿ ದಾರಿ ತಪ್ಪಲಾರಂಭಿಸಿದ ಬಳಿಕ ಅಥವಾ ಮಲಮೂತ್ರದ ಹಿಡಿತ ತಪ್ಪಿದ ಬಳಿಕ ಕರೆದುಕೊಂಡು ಹೋಗಿ ಎನ್ನುತ್ತವೆ.

ಆದ್ದರಿಂದ ಮುಂದಿನ ಹಂತಗಳ ಮಾತನ್ನೂ ಈಗಲೇ ಆಡಿ ಮುಗಿಸಬೇಕು. ಈ ಕಾಯಿಲೆಯಲ್ಲಿ ಒಂದು ಹಂತದಲ್ಲಿ ನಡಿಗೆ ನಿಲ್ಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಅನ್ನ ನೀರು ಶ್ವಾಸನಾಳಕ್ಕೆ ಸೇರಿ ನ್ಯುಮೋನಿಯಾ ಆಗುತ್ತದೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆ ಹಂತದಲ್ಲಿಯೂ ಇರಿಸಿಕೊಳ್ಳುತ್ತೀರಾ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಅಲ್ಲಿ ಜೊತೆಗೆ ನಿಲ್ಲುವವರು ಯಾರು, ಮುಂಗಡ ಹಣದಲ್ಲಿ ವಾಪಸು ಬರುವುದೆಷ್ಟು ಎಂಬುದೆಲ್ಲ ಒಪ್ಪಂದದಲ್ಲಿ ಬರಹದಲ್ಲಿರಲಿ. ಪ್ರತಿ ತಿಂಗಳ ತೂಕದ ದಾಖಲೆಯನ್ನು ಕೇಳಿ ನೋಡಿ. ತೂಕ ಇಳಿಯುತ್ತಿದ್ದರೆ ಊಟ ಮಾಡಿಸುವುದರಲ್ಲಿ ಏನೋ ಸರಿಯಿಲ್ಲ, ಅಥವಾ ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ ಎಂದರ್ಥ. ಎರಡೂ ನಿಮಗೆ ತಿಳಿಯಬೇಕಾದ ಸಂಗತಿಗಳೇ.

ಕಾಗದಪತ್ರಗಳಲ್ಲಿ ನಿಮ್ಮ ಸ್ಥಿತಿ ಮಕ್ಕಳಿರುವವರಿಗಿಂತ ಸ್ವಲ್ಪ ಭಿನ್ನ. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ವಾರಸುದಾರರಾಗಿ ಪಡೆಯಲಿರುವ ಬಂಧುವಿಗೆ ಅವರನ್ನು ನೋಡಿಕೊಳ್ಳುವ ಹೊಣೆಯನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯಿದೆ ಹೊರಿಸುತ್ತದೆ. ಶುಲ್ಕ ಹಂಚಿಕೊಳ್ಳುವ ಮಾತು ಕುಟುಂಬದಲ್ಲಿ ಬಂದಾಗ ಇದು ನಿಮ್ಮ ನೆನಪಿನಲ್ಲಿರಲಿ. ದೊಡ್ಡಮ್ಮ ಈ ಮೊದಲು ಯಾರಿಗಾದರೂ ಸಾಮಾನ್ಯ ಮುಕ್ತಿಯಾರು ಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟಿದ್ದರೆ, ಅದನ್ನು ನೆಚ್ಚಿಕೊಂಡು ಅಡಕೆ ತೋಟ ಮಾರಲು ಹೊರಡಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅಂಥ ಅಧಿಕಾರ ಕೊನೆಗೊಳ್ಳುತ್ತದೆ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ, ಮುಂದಿನ ದಾರಿ ನ್ಯಾಯಾಲಯದ ಮೂಲಕವೇ. ಕಾಯಿಲೆ ಇನ್ನೂ ಆರಂಭದಲ್ಲಿದ್ದು ಅವರಿಗೆ ವಿಷಯ ತಿಳಿಯುವಂತಿದ್ದರೆ, ವೈದ್ಯರ ಪ್ರಮಾಣಪತ್ರ ಪಡೆದು ಬ್ಯಾಂಕಿನ ಕೆಲಸಗಳನ್ನು ಈಗಲೇ ಮುಗಿಸಿಕೊಳ್ಳಿ.

ಈಗ ಮೂರು ಊರುಗಳ ವಿಚಾರ. ಬೆಂಗಳೂರಿನ ಕೇಂದ್ರ ಸೌಕರ್ಯದಲ್ಲಿ ಉಳಿದೆರಡಕ್ಕಿಂತ ಮೇಲು ಎಂದು ನೀವೇ ಬರೆದಿದ್ದೀರಿ, ನಿಮ್ಹಾನ್ಸ್ ಕೂಡ ಅಲ್ಲಿಯೇ ಇದೆ. ಆದರೆ ನಿಮ್ಮ ಕೆಲಸ ನಿಮ್ಮನ್ನು ಆಗಾಗ ವಿದೇಶಕ್ಕೆ ಕಳುಹಿಸುತ್ತದೆ ಎಂದೂ ಬರೆದಿದ್ದೀರಿ. ಹಾಗಿರುವಾಗ ನಾನು ಅದನ್ನು ಕೊನೆಯ ಸ್ಥಾನದಲ್ಲಿಡುತ್ತೇನೆ. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬಲ್ಲ ಬಂಧು ಹತ್ತಿರದಲ್ಲಿಲ್ಲದ ರೋಗಿಯ ಆರೈಕೆ ಎಂಥ ಒಳ್ಳೆಯ ಕೇಂದ್ರದಲ್ಲಿಯೂ ನಿಧಾನವಾಗಿ ಸಡಿಲಾಗುತ್ತದೆ. ಅಂದರೆ ನಿರ್ಧಾರ ನಿಮ್ಮ ತಮ್ಮನವರ ಓಡಾಟದ ಮೇಲೆ ನಿಂತಿದೆ.

ಕಾಞಂಗಾಡಿನ ಪರವಾಗಿ ಹೇಳಬೇಕಾದದ್ದು ಇದೆ. ಕೇರಳದಲ್ಲಿ ಪಂಚಾಯತು ಮಟ್ಟದಲ್ಲಿ ಪಾಲಿಯೇಟಿವ್ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ವ್ಯವಸ್ಥೆ ಬಲವಾಗಿದೆ. ಗಡಿ ದಾಟಿದರೆ ದೊಡ್ಡಮ್ಮ ಅದರ ಹೊರಗಾಗುತ್ತಾರೆ, ಪಿಂಚಣಿ ಮತ್ತು ಚಿಕಿತ್ಸಾ ಕಾರ್ಡುಗಳ ಸವಲತ್ತೂ ತೊಡಕಾಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿ ಮೊದಲಾದ ಗಡಿ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆದರೂ ಎಂದೋ ಒಮ್ಮೆ ಮುಚ್ಚಿದ ರಸ್ತೆಗಿಂತ ಪ್ರತಿರಾತ್ರಿಯ ಮಾತು ದೊಡ್ಡದು ಎಂದು ನನಗನ್ನಿಸುತ್ತದೆ. ಮಂಗಳೂರಿನ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಕನ್ನಡ ಬಲ್ಲ ಒಬ್ಬರಾದರೂ ಇದ್ದಾರೆ ಎಂದು ಕಣ್ಣಾರೆ ಕಂಡರೆ ಅಲ್ಲಿಗೆ ಸೇರಿಸಿ. ಇಲ್ಲವಾದರೆ ಕಾಞಂಗಾಡಿನ ಕೇಂದ್ರದವರನ್ನೇ ಕೇಳಿ, ಹೆಚ್ಚಿನ ವೇತನವನ್ನು ನೀವು ಭರಿಸುವುದಾದರೆ ಎಡನೀರು, ಕುಂಬಳೆ, ಆದೂರು ಕಡೆಯ ಒಬ್ಬ ಹೋಂ ನರ್ಸನ್ನು ಮೊದಲ ಕೆಲವು ತಿಂಗಳು ದೊಡ್ಡಮ್ಮನ ಜೊತೆ ಇರಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಒಪ್ಪುವವರಿದ್ದಾರೆ.

ಒಂದು ತಿಂಗಳ ಭೇಟಿ ನಿಷೇಧವನ್ನು ಒಪ್ಪಬೇಡಿ. ರೋಗಿ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಎಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಮೊದಲ ವಾರಗಳಲ್ಲಿ ಮನೆಯವರನ್ನು ಕಂಡಾಗ ಮನೆಗೆ ಹೋಗೋಣ ಎಂಬ ಹಟ ಹೆಚ್ಚುವುದುಂಟು. ಆದರೆ ಬೀಳುವುದು, ನೀರು ಕುಡಿಯದೆ ಬಳಲುವುದು, ಹೊಸ ಮಾತ್ರೆಗೆ ಮಂಕಾಗುವುದು ಇವೆಲ್ಲಕ್ಕೂ ಹೆಚ್ಚಿನ ಅವಕಾಶವಿರುವುದು ಅದೇ ವಾರಗಳಲ್ಲಿ. ಬೆಳಗಿನ ತಿಂಡಿಯ ನಂತರದ ಹೊತ್ತಿನಲ್ಲಿ ಅರ್ಧ ಗಂಟೆಯ ಭೇಟಿ, ವಾರಕ್ಕೆ ಎರಡು ಸಲ ಎಂದು ತಮ್ಮನವರ ಪರವಾಗಿ ಬರಹದಲ್ಲಿ ಕೇಳಿ. ಹೊರಡುವಾಗ ದೊಡ್ಡಮ್ಮನ ಮುಂದೆ ವಿದಾಯದ ಮಾತು ಬೇಡ. ಅವರು ಎಲೆಯಡಿಕೆ ಹಾಕಿಕೊಳ್ಳುವುದರಲ್ಲಿಯೋ ಊಟದ ಸಾಲಿನಲ್ಲಿ ಕೂರುವುದರಲ್ಲಿಯೋ ತೊಡಗಿದಾಗ ತಮ್ಮನವರು ಎದ್ದು ಬರಲಿ.