ಎಲ್ಲವನ್ನೂ ಪ್ರಾಯದ ಮೇಲೆ ಹೊರಿಸಬೇಡಿ

ಓದುಗರ ಪತ್ರ: "ನನಗೆ 48 ವರ್ಷ. ಮುಟ್ಟು ಈಗ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಬಂದರೆ ಜಾಸ್ತಿ ಹೋಗುತ್ತದೆ. ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯ ಮಾಡು ಗಿರ್ರನೆ ತಿರುಗುತ್ತದೆ. ಅಟ್ಟದಿಂದ ಏನಾದರೂ ತೆಗೆಯಲು ತಲೆ ಎತ್ತಿದರೂ ಹಾಗೆಯೇ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಉಳಿದ ಹೊತ್ತು ಕಾಲ ಕೆಳಗಿನ ನೆಲ ಗಟ್ಟಿ ಇಲ್ಲವೇನೋ ಅನಿಸುತ್ತದೆ. ಅತ್ತೆ ಪಿತ್ತ ಎಂದರು. ಇವರು ಪ್ರಾಯ ಎಂದರು, ಮುಟ್ಟು ನಿಂತ ಮೇಲೆ ಸರಿಯಾಗುತ್ತದಂತೆ. ತೋಟಕ್ಕೆ, ಬಾವಿಕಟ್ಟೆಗೆ ಹೋಗಬೇಡ, ಮಲಗಿರು ಎನ್ನುತ್ತಾರೆ. ಮೆಡಿಕಲ್‌ನಿಂದ ಒಂದು ಮಾತ್ರೆ ತಂದುಕೊಟ್ಟಿದ್ದಾರೆ, ತಿಂದರೆ ನಿದ್ದೆ ಬರುತ್ತದೆ. ಸಹಿಸಿಕೊಂಡು ಇರಬೇಕೇ? ಇಂಥದ್ದನ್ನೆಲ್ಲ ನಿಮಗೆ ಬರೆದದ್ದಕ್ಕೆ ಬೇಸರ ಮಾಡಬೇಡಿ."
– ಕಾಸರಗೋಡಿನ ಕುಂಬಳೆ ಸೀಮೆಯ ಒಬ್ಬ ಓದುಗಿ

ಸಂಪಾದಕರ ಉತ್ತರ:

ಅಕ್ಕಾ,

ಬೇಸರ ಎಂಥದು? ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಅಡಕೆ ಧಾರಣೆ, ಯಕ್ಷಗಾನದ ಜಗಳ, ಗಡಿನಾಡಿನ ಅಳಲು ಇವೇ ಜಾಸ್ತಿ. ಹೆಂಗಸೊಬ್ಬಳು ತನ್ನ ಮೈಗೆ ಏನಾಗುತ್ತಿದೆ ಎಂದು ಇಷ್ಟು ಬಿಡಿಸಿ ಬರೆಯುವುದು ಅಪರೂಪ. (ನೀವು ನನಗಿಂತ ಚಿಕ್ಕವರು. ಆದರೂ ನಮ್ಮ ಕಡೆ ಎಲ್ಲರೂ ಅಕ್ಕಂದಿರೇ ಅಲ್ವಾ?)

ನಾನು ಡಾಕ್ಟರಲ್ಲ. ಆದರೆ ನಿಮ್ಮ ಪತ್ರ ಓದಿದರೆ ಒಳ್ಳೆಯ ಡಾಕ್ಟರು ಯಾರಾದರೂ ಖುಷಿಪಟ್ಟಾರು. ಬಲಕ್ಕೆ ಹೊರಳಿದಾಗ, ತಲೆ ಎತ್ತಿದಾಗ, ಸ್ವಲ್ಪ ಹೊತ್ತು ಮಾತ್ರ. ಮೂರು ಗುರುತು ಕೊಟ್ಟಿದ್ದೀರಿ. ನಿಮ್ಮ ಮನೆಯಲ್ಲಿ ಈ ಮೂರನ್ನೂ ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ.

ಪ್ರಾಯ ಎಂದವರ ಮಾತು ಪೂರ್ತಿ ಸುಳ್ಳು ಎನ್ನುವುದಿಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರಲ್ಲಿ. 12 ತಿಂಗಳು ಒಮ್ಮೆಯೂ ಆಗದಿದ್ದರೆ ನಿಂತಿತು ಎಂದು ಲೆಕ್ಕ. ಅದಕ್ಕೆ ಮುಂಚಿನ ಕೆಲವು ವರ್ಷ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಏರುತ್ತದೆ, ಇಳಿಯುತ್ತದೆ. ಒಳಕಿವಿಯೂ ಈ ಹಾರ್ಮೋನಿಗೆ ಸ್ಪಂದಿಸುವ ಜಾಗ. ರಾತ್ರಿ ಮೈ ಬಿಸಿಯೇರಿ, ಬೆವರಿ, ನಿದ್ದೆ ಕೆಟ್ಟರೆ ಹಗಲು ತಲೆ ಓಲಾಡುವುದು ಸಹಜ. ಸರಿ, ಒಪ್ಪಿದೆ. ಪ್ರಾಯಕ್ಕೆ ಅದರ ಪಾಲು ಕೊಟ್ಟಾಯಿತು.

ಈಗ ನನ್ನ ಜಗಳ ಶುರು. ನಿಮ್ಮ ತೋಟದಲ್ಲಿ ಅಡಕೆಗೆ ಕೊಳೆರೋಗ ಬಂದರೆ ಇವರು ಏನು ಮಾಡುತ್ತಾರೆ? ಯಾವ ಮರದಿಂದ ಶುರುವಾಯಿತು, ಮದ್ದು ಹೊಡೆದು ಎಷ್ಟು ದಿನವಾಯಿತು, ಮಳೆ ಎಷ್ಟು ದಿನ ಹಿಡಿದಿತ್ತು ಎಂದು ಗೊನೆ ಗೊನೆ ನೋಡುತ್ತಾರೆ. ಮರಕ್ಕೆ ಪ್ರಾಯವಾಯಿತು, ಸುಮ್ನೆ ಬಿಡು ಎನ್ನುವುದಿಲ್ಲ. ಹೆಂಡತಿಯ ತಲೆ ತಿರುಗಿದರೆ ಮಾತ್ರ ಈ ವಿಚಾರಣೆ ಬೇಡವೇ?

ವಿಚಾರಿಸಿದ್ದರೆ ಏನು ತಿಳಿಯುತ್ತಿತ್ತು ಎಂದು ಹೇಳುತ್ತೇನೆ. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಅಲ್ಲ. ಒಳಗಡೆ ನೀರು ತುಂಬಿದ, ಬಿಲ್ಲಿನ ಹಾಗೆ ಬಾಗಿದ ಮೂರು ಸಣ್ಣ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಮೆದುಳಿಗೆ ತಿಳಿಸುವುದು ಅವುಗಳ ಕೆಲಸ. ಪಕ್ಕದ ಚೀಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿರುತ್ತವೆ. ಅವುಗಳಲ್ಲಿ ಕೆಲವು ಕಳಚಿ ನಾಳಕ್ಕೆ ಬಿದ್ದರೆ, ತಲೆ ಹೊರಳಿಸಿದಾಗ ಅವೂ ಉರುಳುತ್ತವೆ. ತಲೆ ನಿಂತರೂ ಒಳಗಿನ ನೀರು ಸುಳಿದಾಡುತ್ತದೆ, ಮನೆಯೇ ತಿರುಗಿದಂತಾಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಡಾಕ್ಟರುಗಳು ಇದನ್ನು ಬಿಪಿಪಿವಿ ಎನ್ನುತ್ತಾರೆ. 50ರ ಆಸುಪಾಸಿನಿಂದ ಜಾಸ್ತಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮೂಳೆ ಸವೆಯುವುದಕ್ಕೂ ವಿಟಮಿನ್ ಡಿ ಕಡಿಮೆಯಾಗುವುದಕ್ಕೂ ಇದಕ್ಕೂ ನಂಟಿದೆ. ಇದು ಬಂದವರಲ್ಲಿ ವಿಟಮಿನ್ ಡಿ ಕಡಿಮೆ ಇದ್ದರೆ, ಅದನ್ನು ಕ್ಯಾಲ್ಸಿಯಂ ಜೊತೆಗೆ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಯಿತು ಎಂದು ಕೊರಿಯಾದ ಡಾಕ್ಟರುಗಳು 2020ರಲ್ಲಿ ತೋರಿಸಿದ್ದಾರೆ.

ನಿಮ್ಮದು ಇದೇ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಇಎನ್‌ಟಿ ಡಾಕ್ಟರು ನಿಮ್ಮ ತಲೆಯನ್ನು ಒಂದು ಬದಿಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣನ್ನು ನೋಡುತ್ತಾರೆ. ಕಣ್ಣಗುಡ್ಡೆ ಒಂದು ಬಗೆಯಲ್ಲಿ ಅದುರಿದರೆ ಯಾವ ಕಿವಿ ಎಂದೂ ಗೊತ್ತಾಗುತ್ತದೆ. ಇದಕ್ಕೆ ಬೇಕಾದ್ದು ಒಂದು ಮಂಚ, ಸ್ವಲ್ಪ ಹೊತ್ತು. ದೊಡ್ಡ ಯಂತ್ರ ಏನೂ ಬೇಡ.

ಇಲ್ಲಿ ರಾಬರ್ಟ್ ಬಾರಾನಿ ಎಂಬವರ ಕತೆ ಹೇಳದೆ ಇರಲಾರೆ. ವಿಯೆನ್ನಾದಲ್ಲಿ ಕಿವಿಯ ಡಾಕ್ಟರು. ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ಎಷ್ಟೋ ಜನಕ್ಕೆ ತಲೆ ತಿರುಗುತ್ತಿತ್ತು. ಎಲ್ಲ ಡಾಕ್ಟರುಗಳಿಗೂ ಗೊತ್ತಿದ್ದ ಸಂಗತಿ, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಒಂದು ದಿನ ಒಬ್ಬ ರೋಗಿ ಹೇಳಿದ, ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಮಾತ್ರ ನನಗೆ ತಿರುಗುತ್ತದೆ ಎಂದು. ಬಾರಾನಿ ಆ ಮಾತನ್ನು ತಳ್ಳಿಹಾಕಲಿಲ್ಲ. ಮುಂದಿನ ಸಲ ನೀರು ಜಾಸ್ತಿ ಬಿಸಿಯಾದಾಗ ಆತ ಮತ್ತೆ ತಲೆ ತಿರುಗುತ್ತದೆ ಎಂದು ಕೂಗಿಕೊಂಡ. ಆದರೆ ಈ ಸಲ ಕಣ್ಣು ಅದುರಿದ್ದು ತಣ್ಣೀರಿಗೆ ಅದುರಿದ್ದಕ್ಕೆ ಎದುರು ದಿಕ್ಕಿಗೆ. ಅಲ್ಲಿಂದ ಒಳಕಿವಿಯ ನೀರಿನ ಚಲನೆ, ಸಮತೋಲನದ ಗುಟ್ಟು ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. 1914ರ ನೊಬೆಲ್ ಅವರಿಗೆ ಸಿಕ್ಕಿತು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಆ ನೊಬೆಲ್‌ನ ಬುಡದಲ್ಲಿದ್ದದ್ದು ಒಬ್ಬ ರೋಗಿಯ ದೂರು, ಅದನ್ನು ಕೇಳಿಸಿಕೊಂಡ ಒಬ್ಬ ಡಾಕ್ಟರು. ಆ ರೋಗಿಗೂ ಪಿತ್ತ ಎಂದು ಹೇಳಿ ಕಳಿಸಿದ್ದರೆ?

ಚಿಕಿತ್ಸೆಯ ಕತೆಯೂ ಹೀಗೆಯೇ. ಅಮೆರಿಕದ ಜಾನ್ ಎಪ್ಲಿ, ಹರಳು ಉರುಳಿ ತಪ್ಪು ಜಾಗಕ್ಕೆ ಹೋಗಿದ್ದರೆ ತಲೆಯನ್ನೇ ಹಂತ ಹಂತವಾಗಿ ತಿರುಗಿಸಿ ಅದನ್ನು ವಾಪಸು ಉರುಳಿಸೋಣ ಎಂದರು. 1980ರ ಹೊತ್ತಿಗೆ ಇದನ್ನು ಮುಂದಿಟ್ಟಾಗ ಜೊತೆಯ ಡಾಕ್ಟರುಗಳೇ ನಂಬಲಿಲ್ಲ. ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಗಲು 1992 ಬಂತು. ಇವತ್ತು ಜಗತ್ತಿನ ಎಲ್ಲ ಕಡೆ ಅದೇ ಚಿಕಿತ್ಸೆ. ಕೆಲವೇ ನಿಮಿಷದ ಕೆಲಸ, ಹೆಚ್ಚಿನವರಿಗೆ ಒಂದೆರಡು ಸಲದಲ್ಲಿ ಗುಣ. ಆದರೆ ಮೊಬೈಲಿನಲ್ಲಿ ನೋಡಿ ನೀವೇ ಮಾಡಿಕೊಳ್ಳಲು ಹೊರಡಬೇಡಿ. ಯಾವ ಕಿವಿ ಎಂದು ಮೊದಲು ಗೊತ್ತಾಗಬೇಕು. ಕುತ್ತಿಗೆ ನೋವು, ಬೆನ್ನುಮೂಳೆಯ ತೊಂದರೆ ಇದ್ದರೆ ಮುಂಚೆಯೇ ಹೇಳಬೇಕು.

ಇನ್ನು ಎರಡನೆಯ ಸಂಗತಿ. ಆ ನೆಲ ಗಟ್ಟಿ ಇಲ್ಲದ ಭಾವ. ನೀವು ಪತ್ರದಲ್ಲಿ ಸುಮ್ನೆ ಹಾದುಹೋದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ಬಂದರೆ ಜಾಸ್ತಿ ಹೋಗುತ್ತದೆ. ನನ್ನ ದೊಡ್ಡಮ್ಮನ ಮಗಳೊಬ್ಬಳು ಹೀಗೆಯೇ ಓಲಾಡುತ್ತಿದ್ದಳು. ಮನೆಯವರೆಲ್ಲ ಸೇರಿ ಕೊತ್ತಂಬರಿ, ಜೀರಿಗೆ ಕಷಾಯ ಕುಡಿಸಿದರು. ಜಂಬ್ರದ ಮನೆಯಲ್ಲಿ ಬಡಿಸುತ್ತಿದ್ದವಳು ಪಂಕ್ತಿಯ ನಡುವೆಯೇ ಕುಸಿದು ಕೂತಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6ರ ಹತ್ತಿರ, ತೀರಾ ಕಡಿಮೆ. ಮುಟ್ಟು ನಿಲ್ಲುವ ಮುಂಚೆ ರಕ್ತ ಸುರಿಯುವುದು ಇದ್ದದ್ದೇ ಎಂದು ಎಲ್ಲರೂ ಅವಳಿಗೆ ಹೇಳಿದ್ದರು. ಸುರಿದ ರಕ್ತದ ಲೆಕ್ಕ ಯಾರೂ ಇಡಲಿಲ್ಲ. ನಮ್ಮ ಹೆಂಗಸರಿಗೆ ಬಡಿಸಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಉಣ್ಣುವ ಅಭ್ಯಾಸ ಬೇರೆ. ಏಕಾದಶಿ, ಸೋಮವಾರ, ಸಂಕಷ್ಟಿ ಅಂತ ಉಪವಾಸವೂ ಅವರ ಪಾಲಿಗೇ.

ಆದ್ದರಿಂದ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಿಸಿ. ಬಿಪಿಯನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಕೇಳಿ. ಬಿಪಿ ಮಾತ್ರೆ ತಿನ್ನುತ್ತಿದ್ದರೆ ಅದರಿಂದಲೂ ಎದ್ದಾಗ ಕಣ್ಣು ಕತ್ತಲೆ ಬರಬಹುದು. ತಲೆ ತಿರುಗುವುದು ಗಂಟೆಗಟ್ಟಲೆ ಇದ್ದು, ಬೆಳಕು ಮತ್ತು ಸದ್ದು ಸಹಿಸಲಾಗದಿದ್ದರೆ ಅದು ಮೈಗ್ರೇನಿನ ಒಂದು ರೂಪ ಇರಬಹುದು. ಕಿವಿ ಮಂದವಾಗಿ ಗುಂಯ್ ಎನ್ನುತ್ತಿದ್ದರೆ ಕಾರಣ ಬೇರೆಯೇ ಇರಬಹುದು. ಹಾರ್ಮೋನಿನ ಮಾತ್ರೆ ಮೈ ಬಿಸಿಯೇರುವುದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬರೇ ತಲೆ ತಿರುಗುತ್ತದೆ ಎಂದು ಅದನ್ನು ಕೊಡುವುದಿಲ್ಲ. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದೇ ಇಲ್ಲ.

ತಲೆ ತಿರುಗುವುದರ ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಎದ್ದು ನಿಲ್ಲಲೇ ಆಗದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಥಟ್ಟನೆ ಬಂದರೆ, ಪಿತ್ತವೋ ಪ್ರಾಯವೋ ಎಂದು ಚರ್ಚೆ ಬೇಡ. ಅದೇ ಗಳಿಗೆ ಆಸ್ಪತ್ರೆ. ಎಚ್ಚರ ತಪ್ಪಿದರೂ, ಎದೆನೋವು ಬಂದರೂ, ಒಂದು ಕಿವಿ ಒಮ್ಮೆಲೇ ಕೇಳದಾದರೂ ಹಾಗೆಯೇ.

ಇನ್ನು ಮಲಗಿರು ಎನ್ನುವ ಪ್ರೀತಿ. ಬಾವಿಕಟ್ಟೆಗೆ ಬೇಡ ಎಂದದ್ದು ಸರಿಯೇ. ಏಣಿ ಹತ್ತುವುದು, ಬಗ್ಗಿ ನೀರು ಸೇದುವುದು ಸದ್ಯಕ್ಕೆ ಬೇಡ. ಸ್ನಾನದ ಕೋಣೆಯ ಪಾಚಿ ತೆಗೆಸಿ, ರಾತ್ರಿ ಏಳುವಾಗ ದೀಪ ಹಾಕಿ. ಆದರೆ ಹಗಲೆಲ್ಲ ಹಾಸಿಗೆ ಏಕೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಲೆಗೆ ಪೆಟ್ಟು ಬಿದ್ದು ಓಲಾಡುತ್ತಿದ್ದ ಸೈನಿಕರನ್ನು ಕಾಥಾರ್ನ್, ಕುಕ್ಸಿ ಎಂಬ ಇಬ್ಬರು ಡಾಕ್ಟರುಗಳು ಗಮನಿಸಿದರು. ಓಡಾಡಿದವರು ಬೇಗ ಸುಧಾರಿಸುತ್ತಿದ್ದರು. ಅದನ್ನು ನೋಡಿ ಅವರು ಕಣ್ಣು, ತಲೆ, ನಡಿಗೆಯ ವ್ಯಾಯಾಮ ರೂಪಿಸಿದರು. ಕಲಿಯಬೇಕಾದ್ದು ಮೆದುಳು, ಅದಕ್ಕೆ ಕೆಲಸ ಕೊಡಬೇಕು. ಜಗಲಿಯಲ್ಲಿ ಗೋಡೆಗೆ ಒಂದು ಕೈ ಇಟ್ಟು ನಡೆಯಿರಿ. ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯನ್ನೇ ನೋಡುತ್ತ ತಲೆಯನ್ನು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿ. ಉಳಿದದ್ದನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ನಿದ್ದೆ ಬರಿಸುವ ಆ ಮಾತ್ರೆ ತೀರಾ ಕಷ್ಟವಾದ ಒಂದೆರಡು ದಿನಕ್ಕೆ ಇರಲಿ. ಅದು ಹರಳನ್ನು ಅದರ ಜಾಗಕ್ಕೆ ತರುವುದಿಲ್ಲ, ತಿಂಗಳುಗಟ್ಟಲೆ ನುಂಗಿದರೆ ಮೆದುಳು ಕಲಿಯುವುದೂ ತಡವಾಗುತ್ತದೆ. ಅಂಗಡಿಯವನು ಗಂಡನನ್ನು ನೋಡಿ ಹೆಂಡತಿಗೆ ಮಾತ್ರೆ ಕೊಡುವ ಈ ಪದ್ಧತಿ ನಮ್ಮ ಊರುಗಳಲ್ಲಿ ಯಾವಾಗ ನಿಲ್ಲುತ್ತದೋ.

ಅಂಗಡಿಯವನೊಬ್ಬನೇ ಅಲ್ಲ. ನನ್ನ ಗೆಳತಿಯೊಬ್ಬಳು ಗಂಡನ ಜೊತೆ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಡಾಕ್ಟರು ಕೇಳಿದ್ದು ಅವಳನ್ನು, ಉತ್ತರ ಕೊಟ್ಟದ್ದು ಗಂಡ. ಎಷ್ಟು ರಕ್ತ ಹೋಗುತ್ತದೆ ಎಂಬುದಕ್ಕೂ ಆತನೇ ಉತ್ತರ ಹೇಳಿದನಂತೆ! ಸರಕಾರದ ಲೆಕ್ಕವೂ ಹೀಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ ಎಂದಿತು. ಆ ಹೆಂಗಸರೆಲ್ಲ 15ರಿಂದ 49ರವರು. 50ಕ್ಕೆ ಕಾಲಿಟ್ಟವಳು ಆ ಲೆಕ್ಕದಲ್ಲೇ ಇಲ್ಲ. ಹೆರುವ ಪ್ರಾಯ ಮುಗಿದರೆ ರಕ್ತವೂ ಬೇಡವೇ? ಇಲ್ಲೇ ಕಾಸರಗೋಡಿನಲ್ಲಿ ತೆಂಗಿಗಾಗಿ 1916ರಲ್ಲೇ ಸಂಶೋಧನಾ ಕೇಂದ್ರ ಶುರುವಾಯಿತು, ಇವತ್ತಿನ ಸಿಪಿಸಿಆರ್‌ಐ ಅದೇ. ತೆಂಗಿಗೆ ಆದದ್ದು ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ಮನುಷ್ಯರಿಗಾಗಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಹೊರರೋಗಿ ವಿಭಾಗ ತೆರೆಯಲು 2022 ಬಂತು. ಆವರೆಗೂ, ಈಗಲೂ, ಸ್ವಲ್ಪ ದೊಡ್ಡ ಕಾಯಿಲೆ ಎಂದರೆ ಮಂಗಳೂರಿನ ಬಸ್ಸು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆ ದಾರಿ ಎಷ್ಟು ಸಪೂರ ಎಂದು ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು. ಕೇರಳದ ಆರೋಗ್ಯ ವ್ಯವಸ್ಥೆಯನ್ನು ಹೊಗಳಲು ನನಗೆ ಬಾಯಿ ಕಟ್ಟುವುದಿಲ್ಲ, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬರುತ್ತಾರೆ. ಆದರೆ ಅವರು ಕೊಡುವ ಕರಪತ್ರ ಎಷ್ಟೋ ಸಲ ಮಲಯಾಳದಲ್ಲಿ ಮಾತ್ರ. ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕಾಯ್ದೆಯಲ್ಲೇ ನಮಗೆ ಸಿಕ್ಕಿದೆ. ಆ ಹಕ್ಕನ್ನು ಪಡಿತರ ಚೀಟಿಗೆ, ಭೂಮಿ ಕಾಗದಕ್ಕೆ ಬಳಸುತ್ತೇವೆ. ಮುಟ್ಟು ನಿಲ್ಲುವ ಕಾಲದ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಹಾಳೆ ಕೊಡಿ ಎಂದು ಯಾವ ಕನ್ನಡ ಸಂಘವೂ ಅರ್ಜಿ ಹಾಕಿದ್ದನ್ನು ನಾನು ಕಂಡಿಲ್ಲ. ಗಡಿನಾಡ ಹೋರಾಟದ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡವರು ಇದನ್ನು ಓದುತ್ತಿದ್ದರೆ ಬೇಸರ ಮಾಡಿಕೊಳ್ಳಲಿ, ಪರವಾಗಿಲ್ಲ.

ನಿಮಗೂ ಒಂದು ಗದರಿಕೆ ಇದೆ ಅಕ್ಕಾ. ಇಷ್ಟು ಚೆಂದ ಗಮನಿಸಿ, ಇಷ್ಟು ಚೆಂದ ಬರೆಯಬಲ್ಲವರು ಮೊದಲು ನನಗೆ ಬರೆದದ್ದು ಏಕೆ? ಇದೇ ಪತ್ರದ ಪ್ರತಿ ಮಾಡಿ ಡಾಕ್ಟರ ಎದುರು ಇಡಿ. ಯಾವಾಗ ತಿರುಗುತ್ತದೆ, ಎಷ್ಟು ಹೊತ್ತು, ಯಾವ ಬದಿ, ಮುಟ್ಟಾದ ದಿನ, ಎಷ್ಟು ಹೋಯಿತು ಎಂದು ಒಂದು ವಾರ ಬರೆದಿಟ್ಟುಕೊಂಡು ಅದನ್ನೂ ಸೇರಿಸಿ. ತಿನ್ನುತ್ತಿರುವ ಮಾತ್ರೆಯ ಹಾಳೆಯನ್ನೂ ಒಯ್ಯಿರಿ. ಇವರು ಜೊತೆಗೆ ಬರಲಿ, ಬೇಡ ಎನ್ನುವುದಿಲ್ಲ, ಬಸ್ಸಿಳಿಯುವಾಗ ಒಂದು ಕೈ ಬೇಕೇ ಬೇಕು. ಒಳಗೆ ಮಾತಾಡುವುದು ಮಾತ್ರ ನೀವು. ಡಾಕ್ಟರು ಏನು ಹೇಳಿದರು ಎಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಹೆಸರು ಹಾಕುವುದಿಲ್ಲ.

– ಸಂಪಾದಕಿ