ಹೋದ ಪುಟ್ಟ ಬಂದ ಪುಟ್ಟ ಅಲ್ಲ, ಮೇಡಂ

ಮಾನ್ಯ ಸಂಪಾದಕರೇ,

ನಾನು ಪ್ರೌಢಶಾಲಾ ಶಿಕ್ಷಕಿ, ವಯಸ್ಸು 46. ಐದು ವರ್ಷದ ಹಿಂದೆ 118 ಕೆ.ಜಿ. ಇದ್ದೆ, ಜೊತೆಗೆ ಸಕ್ಕರೆ ಕಾಯಿಲೆ. ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಮಿನಿ ಬೈಪಾಸ್ ಆಪರೇಷನ್ ಮಾಡಿಸಿಕೊಂಡೆ. ಸಕ್ಕರೆ ಹೋಯಿತು, ತೂಕವೂ ಇಳಿಯಿತು. ಆದರೆ ಇಳಿಯುವುದು ನಿಲ್ಲಲೇ ಇಲ್ಲ. ನಾಲ್ಕನೇ ವರ್ಷಕ್ಕೆ 46 ಕೆ.ಜಿ.ಗೆ ಬಂದೆ. ಕಾಲು ಬಾತುಕೊಂಡಿತು, ಕೂದಲು ಹಿಡಿಹಿಡಿಯಾಗಿ ಬಂತು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು 2.1ಕ್ಕೆ ಕುಸಿಯಿತು. ಆರು ವಾರ ಹೊಟ್ಟೆಗೆ ಕೊಳವೆ ಹಾಕಿ ಆಹಾರ ಕೊಟ್ಟು, ಹತ್ತು ತಿಂಗಳ ಹಿಂದೆ ರಿವರ್ಸಲ್, ಅಂದರೆ ಬೈಪಾಸ್ ಬಿಚ್ಚಿ ಮತ್ತೆ ಜೋಡಿಸುವ ಆಪರೇಷನ್, ಮಾಡಿದರು. ಈಗ 67 ಕೆ.ಜಿ. ಹಸಿವು ತಡೆಯಲಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಅಡುಗೆ ವಿಡಿಯೋ ನೋಡುತ್ತೇನೆ. ಸಕ್ಕರೆ ಮಾತ್ರೆ ಮತ್ತೆ ಶುರುವಾಗಿದೆ. ಎಲ್ಲ ಮೊದಲಿನಂತೆ ಜೋಡಿಸಿದ್ದಾರಲ್ಲ ಅಂತ ವಿಟಮಿನ್ ಮಾತ್ರೆ ನಿಲ್ಲಿಸಿದ್ದೇನೆ. ಸ್ಟಾಫ್ ರೂಮಿನಲ್ಲಿ ‘ಹೋದ ಪುಟ್ಟ ಬಂದ ಪುಟ್ಟ ಆಯ್ತಲ್ಲ ಮೇಡಂ’ ಎಂದು ನಗುತ್ತಾರೆ. ಬರುವ ತಿಂಗಳು ತಂಗಿ ಮಗಳ ಮದುವೆ, ಹೋಗಲು ಮನಸ್ಸಿಲ್ಲ. ನಾನು ಸೋತೆನೇ? ಇಂಥ ಆಪರೇಷನ್ನುಗಳ ವಿರುದ್ಧ ನಿಮ್ಮಂಥವರು ಬರೆಯಬಾರದೇ?

– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ‘ಕ್ಷಮಿಸಿ’ ಎಂಬ ಮಾತು ನಾಲ್ಕು ಕಡೆ ಇತ್ತು. ಅಚ್ಚಿಗೆ ಕೊಡುವಾಗ ನಾಲ್ಕನ್ನೂ ತೆಗೆದಿದ್ದೇನೆ. ಕಾಪಿ ತಿದ್ದುವವನಿಗೆ ಅಷ್ಟು ಅಧಿಕಾರವಾದರೂ ಇರಬೇಕು.

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಆಪರೇಷನ್ ವಿರುದ್ಧ ನಾನು ಬರೆಯುವುದಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಸಾವಿರಾರು ಸ್ಥೂಲಕಾಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನವೊಂದಿದೆ. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಅದು ಲೆಕ್ಕ ಕೊಟ್ಟಿತು. ನಿಮಗೇ ಮೂರ್ನಾಲ್ಕು ವರ್ಷ ಸಕ್ಕರೆ ಮಾತ್ರೆ ಬೇಕಾಗಲಿಲ್ಲವಲ್ಲ, ಅದೂ ಸುಳ್ಳಲ್ಲ. ಸರ್ಜನ್ನರ ಪಾಲಿಗೆ ಸಲ್ಲಬೇಕಾದ್ದು ಸಂದಿತು. ನನ್ನ ತಕರಾರು ಬೇರೆ ಇದೆ, ಅದು ‘ರಿವರ್ಸಲ್’ ಎಂಬ ಪದದ ಮೇಲೆ.

ಗಾಡಿ ರಿವರ್ಸ್ ತೆಗೆದರೆ ಹೊರಟ ಜಾಗಕ್ಕೆ ಬಂದು ನಿಲ್ಲುತ್ತದೆ. ಹೊಟ್ಟೆ ಗಾಡಿಯಲ್ಲ. ಆ ಪದವನ್ನು ನಿಮಗೆ ಕೊಟ್ಟವರು ಅದರ ಜೊತೆಗೇ ‘ಮೊದಲಿನಂತೆ’ ಎಂಬ ಸುಳ್ಳನ್ನೂ ಕಟ್ಟಿ ಕೊಟ್ಟಿದ್ದಾರೆ. ಸ್ಟಾಫ್ ರೂಮಿನ ಗಾದೆ ಹುಟ್ಟಿದ್ದೂ ಅಲ್ಲಿಂದ, ನೀವು ಮಾತ್ರೆ ನಿಲ್ಲಿಸಿದ್ದೂ ಅಲ್ಲಿಂದಲೇ. ನಾನಾದರೆ ‘ಮರುಜೋಡಣೆ’ ಅನ್ನುತ್ತೇನೆ. ಪಂಡಿತರಿಗೆ ಹಿಡಿಸದಿದ್ದರೆ ಬೇರೆ ಪದ ಹುಡುಕಿಕೊಡಲಿ.

ನಿಮ್ಮ ಹೊಟ್ಟೆಯಲ್ಲಿ ನಡೆದದ್ದೇನು ನೋಡೋಣ. ಮಿನಿ ಬೈಪಾಸಿನಲ್ಲಿ ಜಠರವನ್ನು ಉದ್ದಕ್ಕೆ ಬೇರ್ಪಡಿಸಿ ಒಂದು ಸಪೂರ ಚೀಲ ಮಾಡುತ್ತಾರೆ. ಆ ಚೀಲದ ತುದಿಯನ್ನು ಒಂದೂವರೆ ಎರಡು ಮೀಟರ್ ಕೆಳಗಿನ ಸಣ್ಣ ಕರುಳಿಗೆ ಹೊಲಿಯುತ್ತಾರೆ. ತಿಂದ ಅನ್ನ ನಡುವಿನ ಅಷ್ಟು ದಾರಿಯನ್ನು ಬಿಟ್ಟು ಹಾರುತ್ತದೆ. ಉಳಿದ ದೊಡ್ಡ ಜಠರವನ್ನು ತೆಗೆದು ಬಿಸಾಡುವುದಿಲ್ಲ. ಕೆಲಸವಿಲ್ಲದ ಯಜಮಾನನಂತೆ ರಸ ಒಸರುತ್ತಾ ಅದು ಒಳಗೇ ಕೂತಿರುತ್ತದೆ. ಹಾಗೆ ಕೂತಿದ್ದರಿಂದಲೇ ನಿಮಗೆ ಮತ್ತೆ ಜೋಡಿಸಲಿಕ್ಕೆ ಸಾಧ್ಯವಾಯಿತು. ಸ್ಲೀವ್ ಎಂಬ ಇನ್ನೊಂದು ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ಹೊರಗೇ ತೆಗೆಯುತ್ತಾರೆ. ಅದಕ್ಕೆ ವಾಪಸು ದಾರಿ ಇಲ್ಲ. ಮಾಡಿಸಿಕೊಳ್ಳಲು ಹೊರಟಿರುವ ಓದುಗರು ಯಾರಾದರೂ ಇದ್ದರೆ ಈ ಎರಡು ಸಾಲನ್ನು ಇನ್ನೊಮ್ಮೆ ಓದಿ.

ನಿಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ತೋಟದ ಕಾಲುವೆಯನ್ನು ನಾಲ್ಕು ವರ್ಷ ಬೇರೆ ಕಡೆ ತಿರುಗಿಸಿ, ಐದನೇ ವರ್ಷ ಹಳೇ ದಾರಿಗೆ ನೀರು ಬಿಟ್ಟ ಹಾಗೆ ಇದು. ನೀರು ಹರಿಯುತ್ತದೆ, ನಿಜ. ಆದರೆ ಅಲ್ಲಿ ಕಳೆ ಬೆಳೆದಿರುತ್ತದೆ, ಬದು ಕುಸಿದಿರುತ್ತದೆ. ಎರಡು ಸಲ ಹೊಲಿದ ಜಾಗದಲ್ಲಿ ಗಾಯದ ಗಂಟು ಉಳಿಯುತ್ತದೆ. ಜಠರವನ್ನು ಆಡಿಸುವ ನರಕ್ಕೆ ಪೆಟ್ಟಾಗಿದ್ದರೆ ತಿಂದದ್ದು ಮುಂದೆ ಸಾಗುವುದು ನಿಧಾನ. ಕೆಲವರಿಗೆ ಹುಳಿತೇಗು, ಎದೆಯುರಿ ಹೊಸದಾಗಿ ಅಂಟಿಕೊಳ್ಳುತ್ತದೆ. ಬೈಪಾಸ್ ಆಗಿದ್ದಾಗ ಕರುಳಿನ ಹಾರ್ಮೋನುಗಳು ಹಸಿವನ್ನು ಅದುಮಿ ಹಿಡಿದಿದ್ದವು, ಈಗ ಆ ಹಿಡಿತ ಸಡಿಲವಾಗಿದೆ. ಸಕ್ಕರೆ ಮರಳಿ ಬಂದಿರುವುದಕ್ಕೂ ಇದು ಒಂದು ಕಾರಣ. ತೂಕ ಏರುವುದು ಮರುಜೋಡಣೆ ಮಾಡಿಸಿಕೊಂಡ ಹೆಚ್ಚಿನವರಿಗೆ ಆಗುವುದೇ. ಅಲ್ಲ, 46 ಕೆ.ಜಿ.ಯಿಂದ ನಿಮ್ಮನ್ನು ಮೇಲೆತ್ತಲಿಕ್ಕೇ ತಾನೇ ಆಪರೇಷನ್ ಮಾಡಿದ್ದು? ಆಲ್ಬುಮಿನ್ 3.5 ಆದರೂ ಇರಬೇಕಾದ ಕಡೆ 2.1 ಇತ್ತು. ಬಾತ ಕಾಲಿನಲ್ಲಿ ನೀವು ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದಾಗ ‘ಎಷ್ಟು ಸ್ಲಿಮ್ ಆಗಿದ್ದೀರಿ’ ಎಂದು ಹೊಗಳಿದವರೂ ಇದೇ ಸ್ಟಾಫ್ ರೂಮಿನವರೇ ಇರಬೇಕು.

ಹಸಿವಿನ ಬಗ್ಗೆ ನಿಮಗೊಂದು ಹಳೆಯ ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧದ ಕೊನೆಗೆ ಯುರೋಪಿನಲ್ಲಿ ಜನ ಹಸಿವಿನಿಂದ ಸೊರಗಿದ್ದರು. ಅವರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಯುದ್ಧಕ್ಕೆ ಹೋಗಲೊಪ್ಪದ 36 ಯುವಕರು ತಾವಾಗಿ ಬಂದರು. 24 ವಾರ ಅವರಿಗೆ ಅರೆಹೊಟ್ಟೆ. ಮೈತೂಕದ ಕಾಲುಭಾಗ ಇಳಿಯಿತು. ಆ ಹುಡುಗರು ಕೂತು ಓದಿದ್ದೇನು ಗೊತ್ತೇ? ಅಡುಗೆ ಪುಸ್ತಕ. ಒಲೆ ಹಚ್ಚಿ ಗೊತ್ತಿಲ್ಲದ ಗಂಡಸರು ಪಾಕವಿಧಾನ ಕೂಡಿಹಾಕತೊಡಗಿದರು. ಆಮೇಲೆ ಊಟ ಕೊಟ್ಟರೂ ಎಷ್ಟೋ ವಾರಗಳ ಕಾಲ ಹಸಿವು ಇಂಗಲಿಲ್ಲ. ಹೊಟ್ಟೆ ಬಿರಿಯ ಉಂಡೆದ್ದವರು ಇನ್ನೂ ಹಸಿವು ಎನ್ನುತ್ತಿದ್ದರು. ಮೈಗೆ ಮೊದಲಿಗಿಂತ ಹೆಚ್ಚು ಕೊಬ್ಬು ಬಂತು. ರಾತ್ರಿ ಹನ್ನೊಂದರ ನಿಮ್ಮ ಅಡುಗೆ ವಿಡಿಯೋಗೆ ನಾಚಿಕೆಪಡುವ ಕಾರಣವೇ ಇಲ್ಲ. ಬರದಿಂದ ಹೊರಗೆ ಬಂದ ದೇಹ ಎಲ್ಲ ಕಡೆಯೂ ಹಾಗೇ ಮಾಡುತ್ತದೆ. ನಿಮಗೆ ಮೊದಲು ಆರು ವಾರ ಕೊಳವೆಯಲ್ಲಿ ನಿಧಾನ ಉಣ್ಣಿಸಿದ್ದೂ ಇಂಥ ಅನುಭವದಿಂದ ಕಲಿತದ್ದೇ. ಸೊರಗಿದ ಮೈಗೆ ಒಮ್ಮೆಲೇ ಊಟ ಸುರಿದರೆ ರಕ್ತದ ರಂಜಕ, ಪೊಟ್ಯಾಸಿಯಂ ತಟ್ಟನೆ ಕುಸಿದು ಪ್ರಾಣಕ್ಕೇ ಬರುತ್ತದೆ.

ವಿಚಿತ್ರ ನೋಡಿ, ಅದೇ ಮಿನೆಸೋಟದಲ್ಲೇ, ಕರುಳನ್ನು ತಪ್ಪಿಸಿ ಜೋಡಿಸಿದರೆ ಏನಾಗುತ್ತದೆಂದು ಕ್ರೆಮೆನ್ ಮತ್ತು ಲಿನ್ನರ್ ಎಂಬ ಸರ್ಜನ್ನರು 1954ರಲ್ಲಿ ಬರೆದರು. ಆ ಬೀಜದಿಂದ ಬೆಳೆದ ಆಪರೇಷನ್ 60, 70ರ ದಶಕಗಳಲ್ಲಿ ಅಮೆರಿಕದಲ್ಲಿ ಭರದಿಂದ ನಡೆಯಿತು. ಆರು ಮೀಟರಿನಷ್ಟಿರುವ ಸಣ್ಣ ಕರುಳಿನಲ್ಲಿ ಒಂದೂವರೆ ಅಡಿ ಮಾತ್ರ ಕೆಲಸಕ್ಕೆ ಉಳಿಸುತ್ತಿದ್ದರು! ತೂಕವೇನೋ ಇಳಿಯಿತು. ಹಿಂದೆಯೇ ಮೂತ್ರಪಿಂಡದ ಕಲ್ಲು, ಕೀಲುನೋವು, ಯಕೃತ್ತು ಕೈಕೊಡುವುದು ಬಂತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಮರುಜೋಡಣೆ ಮಾಡಬೇಕಾಯಿತು, ಕೊನೆಗೆ ಆ ಆಪರೇಷನ್ನನ್ನೇ ಕೈಬಿಟ್ಟರು. ಮತ್ತೆ ಮೈ ಬಂದ ಆ ಜನರನ್ನು ಸೋತವರು ಎಂದು ಯಾರಾದರೂ ಲೆಕ್ಕಕ್ಕೆ ಬರೆದಿದ್ದರೆ ಆ ಲೆಕ್ಕಿಗನಿಗೆ ಕಣ್ಣಿಲ್ಲ.

ಇನ್ನು ನಮ್ಮ ಮನೆಯ ಕಥೆ. ನನ್ನ ಸೋದರಮಾವನಿಗೆ ಎಪ್ಪತ್ತರ ದಶಕದಲ್ಲಿ ಹೊಟ್ಟೆಹುಣ್ಣು. ಈಗಿನಂಥ ಮಾತ್ರೆಗಳಿಲ್ಲದ ಕಾಲ, ದೊಡ್ಡಾಸ್ಪತ್ರೆಯಲ್ಲಿ ಅರ್ಧ ಜಠರ ಕತ್ತರಿಸಿ ತೆಗೆದರು. ಗುಂಡುಗುಂಡಾಗಿದ್ದ ಮಾವ ಊರಿಗೆ ಬಂದಾಗ ಅಂಗಿ ಗೂಟಕ್ಕೆ ತೂಗುಹಾಕಿದಂತಿತ್ತು. ಅತ್ತೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡಳು, ಮುಚ್ಚಳ ಸೊಟ್ಟಗಾದದ್ದು. ಅದರಲ್ಲಿ ಮೊಸರವಲಕ್ಕಿ, ಇಲ್ಲವೇ ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿ. ಎರಡು ತಾಸಿಗೊಮ್ಮೆ ನಾಲ್ಕೇ ತುತ್ತು. ಬಸ್ ಸ್ಟ್ಯಾಂಡು, ಕೋರ್ಟು, ಶ್ರಾದ್ಧದ ಮನೆ, ಎಲ್ಲಿ ಹೋದರೂ ಡಬ್ಬಿ ಹಿಂದೆಯೇ. ಒಂದು ಸಲ ಯಾರದೋ ಮದುವೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಮಾವ ಎರಡು ಸೌಟು ಪಾಯಸ ಸುರಿದುಕೊಂಡ. ಕೈ ತೊಳೆಯುವಷ್ಟರಲ್ಲಿ ಹಣೆಯಲ್ಲಿ ಬೆವರು, ಎದೆ ಡವಡವ, ಕಣ್ಣಿಗೆ ಕತ್ತಲೆ. ಉಗ್ರಾಣದಲ್ಲಿ ತೆಂಗಿನಕಾಯಿ ರಾಶಿಯ ಪಕ್ಕ ಚಾಪೆ ಹಾಸಿ ಮಲಗಿಸಿದರು. ಅರ್ಧ ಗಂಟೆಗೆ ಎದ್ದು ಕೂತು, ‘ಪಾಯಸ ಚೆನ್ನಾಗಿತ್ತು ಕಣೋ’ ಅಂದ. ಸಿಹಿ ಒಮ್ಮೆಲೇ ಕರುಳಿಗೆ ಜಾರಿದರೆ ಹಾಗಾಗುತ್ತದೆಂದೂ ಅದಕ್ಕೆ ಡಂಪಿಂಗ್ ಎನ್ನುತ್ತಾರೆಂದೂ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಬೈಪಾಸ್ ಇದ್ದಾಗ ನಿಮಗೂ ಇದರ ಪರಿಚಯ ಆಗಿದ್ದೀತು. ಈಗ ಜಠರದ ಬಾಗಿಲು ಮತ್ತೆ ಕೆಲಸಕ್ಕೆ ಬಂದಿರುವುದರಿಂದ ಆ ಕಾಟ ಬಹುಮಟ್ಟಿಗೆ ತಪ್ಪಿರಬೇಕು.

ಮಾವನ ಕಥೆಗೆ ಇನ್ನೊಂದು ಬಾಲವಿದೆ. ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಇಂಥ ಹುಣ್ಣಿನ ರೋಗಿಗಳನ್ನೇ ನೋಡಿ, ಅರ್ಧ ಜಠರ ಹೋದವರು ದಪ್ಪವಾಗುವುದಿಲ್ಲವಲ್ಲ ಎಂದು ಯೋಚಿಸಿ 1966ರಲ್ಲಿ ಬೊಜ್ಜಿಗೆ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ್ದು. ಮಾವನಂಥವರ ಕಷ್ಟವೇ ಇನ್ನೊಬ್ಬರಿಗೆ ಔಷಧಿ ಆಯಿತು ಅನ್ನಿ. ಆದರೆ ಕತ್ತರಿ ಮಾತ್ರ ಮುಂದಿನ ಕಾಲಕ್ಕೆ ದಾಟಿತು, ಅತ್ತೆಯ ಡಬ್ಬಿ ದಾಟಲಿಲ್ಲ. ನನ್ನ ಹೊಟ್ಟೆಯುರಿ ಇರುವುದು ಇಲ್ಲಿಯೇ.

ನಮ್ಮಲ್ಲಿ ಬಾಣಂತನಕ್ಕೊಂದು ಶಾಸ್ತ್ರವಿದೆ. ಕಿವಿಗೆ ಬಟ್ಟೆ, ಮೈಗೆ ಎಣ್ಣೆ, ಮೆಣಸಿನ ಸಾರು, ಮೂರು ತಿಂಗಳು ನೆಲ ಗುಡಿಸು ಅನ್ನುವವರಿಲ್ಲ. ಸರ್ಕಾರವೂ 180 ದಿನ ಹೆರಿಗೆ ರಜೆ ಕೊಡುತ್ತದೆ, ಕೊಡಬೇಕಾದ್ದೇ. ಹೊಟ್ಟೆಯನ್ನು ಎರಡು ಸಲ ಕೊಯ್ಸಿಕೊಂಡ ಹೆಂಗಸಿಗೆ ಮಾತ್ರ ಹೊಲಿಗೆ ಬಿಚ್ಚಿದ ಮಾರನೇ ವಾರ ‘ಇನ್ನೂ ಸುಧಾರಿಸಿಕೊಂಡಿಲ್ವಾ?’ ಆಸ್ಪತ್ರೆಯಿಂದ ಬರುವಾಗ ಕೈಗೆ ಸಿಗುವುದು ಆರು ಪುಟದ ಇಂಗ್ಲಿಷ್ ಚೀಟಿ. ನೀವು ಓದಿದವರು. ನಿಮ್ಮ ಮನೆಯಲ್ಲಿ ಗಂಜಿ ಬೇಯಿಸುವ ನಿಮ್ಮ ತಾಯಿ ಅದನ್ನು ಓದಬಲ್ಲರೇ? ಮೊದಲ ವಾರ ತಿಳಿಯಾದದ್ದು, ಎರಡನೇ ವಾರ ಅರೆದದ್ದು, ಆಮೇಲೆ ಮೆತ್ತಗಿನದು, ಮೊಸರು ಮೊಟ್ಟೆ ಬೇಳೆ ಮೊದಲು ಅನ್ನ ಆಮೇಲೆ, ಊಟದ ಜೊತೆ ಗಟಗಟ ನೀರು ಬೇಡ. ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟಕ್ಕೆ ಬರೆಯಲು ಯಾವ ವಿದ್ವಾಂಸ ಬೇಕು? ಹೆದ್ದಾರಿ ಹೋರ್ಡಿಂಗಿಗೆ ಮಾತ್ರ ಕನ್ನಡ ಚೆನ್ನಾಗಿಯೇ ಬರುತ್ತದೆ. ಪ್ಯಾಂಟಿನ ಒಂದೇ ಕಾಲಿನೊಳಗೆ ಇಡೀ ಮನುಷ್ಯ ನಿಂತು ನಗುವ ಚಿತ್ರ, ‘ಅಂದು’, ‘ಇಂದು’. ಮೂರನೆಯ ಚಿತ್ರಕ್ಕೆ, ನಿಮ್ಮಂಥವರ 67 ಕೆ.ಜಿ.ಯ ಚಿತ್ರಕ್ಕೆ, ಅಲ್ಲಿ ಜಾಗವಿಲ್ಲ. ನಾನೇನು ಸಾಚಾ ಅಲ್ಲ. ಇದೇ ಪತ್ರಿಕೆಯ ಹಿಂಬದಿಯಲ್ಲಿ ‘ಹತ್ತೇ ದಿನದಲ್ಲಿ ಹೊಟ್ಟೆ ಕರಗಿಸಿ’ ಎಂಬ ಜಾಹೀರಾತನ್ನು ಎರಡು ವರ್ಷ ಹಾಕಿದ್ದೇವೆ, ಆ ದುಡ್ಡಿನಲ್ಲಿ ಕಾಗದ ಕೊಂಡಿದ್ದೇವೆ.

ಈಗ ನಿಮಗೆ ಬೈಗುಳ. ವಿಟಮಿನ್ ಮಾತ್ರೆ ನಿಲ್ಲಿಸಿದ್ದು ಶುದ್ಧ ತಪ್ಪು, ತಾಯೀ. ಕಬ್ಬಿಣ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ನಾಲ್ಕು ವರ್ಷ ಅನ್ನ ಆ ಹಾದಿಯಲ್ಲಿ ಹೋಗಲೇ ಇಲ್ಲ. ಬಿ12ನ್ನು ಕರುಳಿಗೆ ದಾಟಿಸುವ ರಸ ಹುಟ್ಟುವುದು ಜಠರದಲ್ಲಿ. ಎಲುಬಿನಿಂದ ಸೋರಿಹೋದ ಸುಣ್ಣ ಹತ್ತು ತಿಂಗಳಲ್ಲಿ ವಾಪಸು ಬರುವುದಿಲ್ಲ. ದಾರಿ ತೆರೆಯಿತು ಅಂದಮಾತ್ರಕ್ಕೆ ಖಾಲಿ ಕಣಜ ತುಂಬಿತೇ? ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ಮರುಜೋಡಣೆ ಮಾಡಿದ ಡಾಕ್ಟರ ಹತ್ತಿರ ಹೋಗಿ. ಯಾವ ಮಾತ್ರೆ ಎಷ್ಟು ದಿನ ಎನ್ನುವುದನ್ನು ಅವರು ಹೇಳಲಿ, ನಾನೂ ಬೇಡ, ನಿಮ್ಮ ಸಹೋದ್ಯೋಗಿಗಳೂ ಬೇಡ. ಹಸಿವು, ಸಕ್ಕರೆ ಎರಡನ್ನೂ ಬಿಚ್ಚಿ ಹೇಳಿ. ಅದಕ್ಕೆಲ್ಲ ಈಗ ಔಷಧಿಗಳು ಬಂದಿವೆ, ನಿಮಗೆ ಹೊಂದುತ್ತವೋ ಇಲ್ಲವೋ ಅವರಿಗೇ ಗೊತ್ತು. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿ, ವಾರಕ್ಕೊಮ್ಮೆ ಸಾಕು.

ಸ್ಟಾಫ್ ರೂಮಿಗೆ ಉತ್ತರ ಏನು ಕೊಡಲಿ ಅಂದಿರಾ? ಪುಟ್ಟ ಹೋದದ್ದು 118ರಲ್ಲಿ, ಹೋಗಿ ತಲುಪಿದ್ದು ಸಾವಿನ ಬಾಗಿಲಿಗೆ, ಬಂದದ್ದು 67ರಲ್ಲಿ. ಗಣಿತದ ಮೇಷ್ಟ್ರು ಅಲ್ಲೇ ಯಾರಾದರೂ ಇದ್ದರೆ ಕಳೆದು ನೋಡಲಿ.

ಮದುವೆಗೆ ಖಂಡಿತ ಹೋಗಿ. ರೇಷ್ಮೆ ಸೀರೆಯ ರವಿಕೆ ಯಾವ ಅಳತೆಗೂ ಹೊಂದದಿದ್ದರೆ ಹೊಸದೊಂದು ಹೊಲಿಸಿ, ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡಲು ಟೈಲರಿಗೆ ಹೇಳಿ. ಮೂರನೇ ಪಂಕ್ತಿಯವರೆಗೆ ಹಸಿದು ಕಾಯಬೇಡಿ, ಕೈಚೀಲದಲ್ಲಿ ಒಂದು ಡಬ್ಬಿ ಇರಲಿ. ಸಕ್ಕರೆ ಇದೆ, ಹೋಳಿಗೆ ಅರ್ಧ ಸಾಕು. ಎಲೆಯಲ್ಲಿ ಬಿಟ್ಟಿದ್ದಕ್ಕೆ ಬಡಿಸುವವರು ಗೊಣಗಿದರೆ ಗೊಣಗಲಿ. ಅಷ್ಟರ ಮೇಲೂ ಸುಸ್ತು ಅನ್ನಿಸಿದರೆ ಉಗ್ರಾಣದಲ್ಲಿ ತೆಂಗಿನಕಾಯಿ ಪಕ್ಕ ಒಂದು ಚಾಪೆ ಇದ್ದೇ ಇರುತ್ತದೆ.